ಅರಿಶಿನದ ನೀರು ಮತ್ತು ಎರಡು ಪ್ರಿಂಟರ್‌ಗಳು

ಎಚ್.ಡಿ. ಕೋಟೆಯ ಸಬ್ ರಿಜಿಸ್ಟ್ರಾರ್ ಕಚೇರಿಯ ಎದುರಿಗೆ ನನ್ನ ಸೋದರಮಾವನ ಪತ್ರ ಬರೆಯುವ ಆಫೀಸು ಇತ್ತು. ಕ್ರಯಪತ್ರ, ದಾನಪತ್ರ, ವಿಭಾಗಪತ್ರ ಎಲ್ಲವನ್ನೂ ಅವರು ಟೈಪ್‌ರೈಟರಿನಲ್ಲೇ ಕುಟ್ಟುತ್ತಿದ್ದರು. ಮೈಸೂರಿನಲ್ಲಿ ಇತಿಹಾಸದ ಎಂ.ಎ. ಮುಗಿಸಿ, ಯಾವ ಕೆಲಸದಲ್ಲೂ ನಿಲ್ಲಲಾಗದೆ ಬಂದು ಸೇರಿದ್ದ ನಾನು ಅವರಿಂದ ಕಂಪ್ಯೂಟರ್ ಕೊಳ್ಳಿಸಿದೆ. ತೊಂಬತ್ತರ ದಶಕ ಮುಗಿಯುತ್ತಿದ್ದ ಕಾಲ. ಇಸವಿ ನೆನಪಿಲ್ಲ, ನೆನಪಿದ್ದಿದ್ದರೂ ನಾನದನ್ನು ನಂಬುತ್ತಿರಲಿಲ್ಲ.

ಪ್ರಿಂಟರ್ ಯಾವುದೆಂದು ಮಾತ್ರ ತೀರ್ಮಾನವಾಗಿರಲಿಲ್ಲ. ಮೈಸೂರಿನ ಅಂಗಡಿಯವನು ಒಂದು ಲೇಸರ್, ಒಂದು ಇಂಕ್‌ಜೆಟ್ ಇಟ್ಟು, ಬೇಡವಾದದ್ದನ್ನು ಸಂಜೆ ಬಂದು ಒಯ್ಯುತ್ತೇನೆ ಎಂದು ಹೋಗಿದ್ದ. ನನ್ನ ಮನಸ್ಸು ಇಂಕ್‌ಜೆಟ್ ಕಡೆಗಿತ್ತು. ಕರೆಂಟು ಹೋದರೂ ಅದು ಯುಪಿಎಸ್ ಮೇಲೆ ನಡೆಯುತ್ತಿತ್ತು. ಲೇಸರ್ ಬಿಸಿಯಾಗಲು ತೊಡಗಿದರೆ ಸಾಕು, ಯುಪಿಎಸ್ ಕಿರುಚಿ ಎಲ್ಲವನ್ನೂ ಆರಿಸಿಬಿಡುತ್ತಿತ್ತು. ಕೋಟೆಯಲ್ಲಿ ಕರೆಂಟು ಹೋಗದ ದಿನವೇ ಇರಲಿಲ್ಲ.

ಅದೇ ದಿನ ಹಂಪಾಪುರದಿಂದ ಅಣ್ಣ, ತಂಗಿ ಇಬ್ಬರು ಬಂದರು. ಗಂಡ ತೀರಿಕೊಂಡು ತವರಿಗೆ ಬಂದಿದ್ದ ತಂಗಿಗೆ ಬಾವಿ ಪಕ್ಕದ ಹೊಲವನ್ನು ಅಣ್ಣ ದಾನಪತ್ರ ಮಾಡಿಕೊಡಬೇಕಿತ್ತು. ಹಿಂದೆಯೂ ಒಮ್ಮೆ ಬಂದು, ಸಹಿ ಹಾಕುವ ಹೊತ್ತಿಗೆ ಅವನು ಎದ್ದು ಹೋಗಿದ್ದ. ಈ ಸಲವೂ ಹೋದರೆ ಆಕೆಗೆ ಆ ಹೊಲ ಇನ್ನಿಲ್ಲ ಎಂದು ಮಾವ ನನ್ನ ಕಿವಿಯಲ್ಲಿ ಹೇಳಿದರು.

ಕರೆಂಟು ಇರಲಿಲ್ಲ. ನಾನು ಇಂಕ್‌ಜೆಟ್‌ನಲ್ಲಿ ಛಾಪಾ ಕಾಗದದ ಮೇಲೆ ಪತ್ರ ಮುದ್ರಿಸಿದೆ. ಅಕ್ಷರ ಕಣ್ಣಿಗೊತ್ತಿಕೊಳ್ಳುವಂತಿತ್ತು. ಸಹಿಗೆ ಮುಂಚೆ ಪತ್ರದ ನಾಲ್ಕೂ ಮೂಲೆಗೆ ಅರಿಶಿನ ಹಚ್ಚುವುದು ನಮ್ಮ ಕಡೆಯ ಪದ್ಧತಿ. ಆಕೆ ತಟ್ಟೆಯಲ್ಲಿ ಕಲಸಿದ್ದ ಅರಿಶಿನವನ್ನು ಬೆರಳಲ್ಲಿ ತೆಗೆದು ಒತ್ತಿದಳು. ಕೆಳಗಿನ ಮೂಲೆಯಲ್ಲಿ ಒಂದು ಹನಿ ಇಳಿಯಿತು. ಹೊಲದ ಮೂಡಲ ದಿಕ್ಕಿನ ಎಲ್ಲೆ ಬರೆದಿದ್ದ ಸಾಲು ನೋಡನೋಡುತ್ತಲೇ ಕದಡಿ ನೀಲಿಹಸಿರು ಮಡುವಾಯಿತು. ಪಡುವಲ ದಿಕ್ಕಿನದೋ ಏನೋ, ಮಾವ ಹಾಗೆನ್ನುತ್ತಾರೆ.

ಟೈಪ್‌ರೈಟರ್ ರಿಬ್ಬನ್ನಿನ ಮಸಿ ನೀರಿಗೆ ಜಗ್ಗುತ್ತಿರಲಿಲ್ಲ. ಹಾಗಾಗಿ ಅರಿಶಿನದ ಯೋಚನೆ ನಮ್ಮಿಬ್ಬರಿಗೂ ಬಂದಿರಲಿಲ್ಲ. ಆ ಟೈಪ್‌ರೈಟರನ್ನೂ ಮಾವ ಬೇರೆಯವರಿಗೆ ಕೊಟ್ಟಾಗಿತ್ತು.

ಅಣ್ಣ ಟವಲ್ ಕೊಡವಿ ಎದ್ದ. "ನಾನು ಮದ್ಲೇ ಅಂದೆ. ದೇವ್ರಿಗೇ ಮನ್ಸಿಲ್ಲ ಕಣವ್ವ. ನಡಿ, ಬಸ್ಸು ಬತ್ತದೆ."

"ದೇವ್ರ ಮ್ಯಾಲೆ ಹಾಕ್‌ಬ್ಯಾಡ ಕಣಣ್ಣ. ನಿನ್ ಮನ್ಸು ಹೇಳು," ಎಂದಳು ತಂಗಿ. ಹಳದಿ ಬೆರಳನ್ನು ಸೆರಗಿಗೆ ಒರೆಸದೆ ಹಾಗೇ ಹಿಡಿದಿದ್ದಳು.

"ಕುಂತ್ಕಳಪ್ಪ, ಇದು ಮಿಷನ್ ತಪ್ಪು," ಎಂದರು ಮಾವ. ಕೆಟ್ಟರೆ ಇರಲಿ ಎಂದು ತರಿಸಿದ್ದ ಇನ್ನೊಂದು ಛಾಪಾ ಕಾಗದ ಅವರ ಕೈಯಲ್ಲಿತ್ತು. ಅದೂ ಹೋದರೆ ಬೇರೆ ಇರಲಿಲ್ಲ.

ಈ ಸಲ ಅರಿಶಿನ ಬೇಡ, ಹಾಗೇ ಸಹಿಯಾಗಲಿ ಎಂದೆ.

ಅಣ್ಣ ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಬರೀ ಕಾಗ್ದಕ್ಕೆ ಎಬ್ಬೆಟ್ಟಾ? ತಿಥಿ ಕಾರ್ಡೇನಯ್ಯಾ ಇದು?"

ಎದುರಿನ ಕಚೇರಿಯಲ್ಲಿ ಪತ್ರ ತೆಗೆದುಕೊಳ್ಳುವ ಹೊತ್ತು ಮುಗಿಯುತ್ತಿತ್ತು. ಲೇಸರ್‌ನ ಮಸಿ ಬಿಸಿಗೆ ಕಾಗದಕ್ಕೇ ಅಂಟುತ್ತದೆ, ನೀರಿಗೆ ಕದಲುವುದಿಲ್ಲ ಎಂದು ಪ್ರಿಂಟರ್ ಅಂಗಡಿಯವನು ಹೇಳಿದ್ದು ನೆನಪಾಯಿತು. ನಾನು ಪಕ್ಕದ ವೆಲ್ಡಿಂಗ್ ಅಂಗಡಿಗೆ ಓಡಿದೆ. ಅಲ್ಲಿಯ ಸಾಹೇಬರ ಬಳಿ ಜನರೇಟರ್ ಇತ್ತು.

"ವೈರ್ ಎಳ್ಕಳಿ ಸಾರ್. ಆದ್ರೆ ನಿಮ್ ಡಬ್ಬ ಸುಟ್ಟೋದ್ರೆ ನನ್ ಮ್ಯಾಲೆ ಪತ್ರ ಬರ್ದ್‌ಗಿರ್ದೀರ!" ಎಂದು ನಗುತ್ತಲೇ ವೆಲ್ಡಿಂಗ್ ನಿಲ್ಲಿಸಿದರು.

ಕಿಟಕಿಯಿಂದ ವೈರು ಬಂತು. ಲೇಸರ್‌ಗೆ ಸಿಕ್ಕಿಸಿ ಕೊನೆಯ ಛಾಪಾ ಕಾಗದ ಇಟ್ಟೆ. ಅದು ಬಿಸಿಯಾಗತೊಡಗಿದಂತೆ ಗೋಡೆಯಾಚೆ ಜನರೇಟರಿನ ಸದ್ದು ಕುಗ್ಗಿತು, ಇನ್ನೇನು ನಿಂತೇಹೋಯಿತು ಅನ್ನಿಸಿತು. ಹಾಳೆ ಅರ್ಧ ಒಳಗೆ ಹೋಗಿ ತಡೆಯಿತು. ಹಾಗೆ ತಡೆಯಿತೋ, ನನ್ನ ಭಯವೇ ಅದನ್ನು ತಡೆದಂತೆ ಈಗ ತೋರಿಸುತ್ತಿದೆಯೋ ಗೊತ್ತಿಲ್ಲ. ಹಾಳೆ ಬಿಸಿ ರೊಟ್ಟಿಯಂತೆ ಹೊರಬಂತು.

ತಂಗಿ ಬೆರಳು ಚಾಚಿದಳು. "ತಡಿ," ಎಂದ ಅಣ್ಣ. ತಾನೇ ಬೆರಳಿಗೆ ಅರಿಶಿನ ತೆಗೆದುಕೊಂಡು, ಮೂಲೆಗಲ್ಲ, ಮೊದಲ ಹಾಳೆಯಲ್ಲಿ ಕದಡಿದ್ದ ಜಾಗ ನೋಡಿಕೊಂಡು ನೇರ ಎಲ್ಲೆಯ ಸಾಲಿನ ಮೇಲೆಯೇ ಒತ್ತಿ ಉಜ್ಜಿದ. ಅವನು ಹಚ್ಚುತ್ತಿದ್ದಾನೋ ಅಳಿಸುತ್ತಿದ್ದಾನೋ ಹೇಳುವಂತಿರಲಿಲ್ಲ. ಬೆರಳು ತೆಗೆದಾಗ ಕಾಗದ ಹಳದಿಯಾಗಿತ್ತು. ಒಂದಕ್ಷರವೂ ಕದಲಿರಲಿಲ್ಲ.

ಅವನು ಬಹಳ ಹೊತ್ತು ನೋಡಿದ. ಓದು ಬರುತ್ತಿರಲಿಲ್ಲ, ಆದರೂ ನೋಡಿದ. "ಎಲ್ಲಿ ಒತ್ಲಿ?" ಎಂದ.

ತಂಗಿ ನಾಲ್ಕೂ ಮೂಲೆಗೆ ಹಚ್ಚಿದಳು, ಅವನು ಹೆಬ್ಬೆಟ್ಟು ಒತ್ತಿದ. ಇಬ್ಬರೂ ಮಾವನ ಹಿಂದೆ ರಸ್ತೆ ದಾಟಿ, ಕಚೇರಿಯ ಬಾಗಿಲು ಹಾಕುವ ಮುಂಚೆ ಒಳಗೆ ಸೇರಿಕೊಂಡರು.

ಸಂಜೆ ಅಂಗಡಿಯವನು ಬಂದು, "ಯಾವ್ದು ತಗೊಂಡೋಗ್ಲಿ ಸಾರ್?" ಎಂದ. ಲೇಸರ್‌ನ ಮುಚ್ಚಳದ ಮೇಲೆ ಅರಿಶಿನದ ಬೊಟ್ಟು ಒಣಗುತ್ತಿತ್ತು. ಪೂಜೆಯಾದ ವಸ್ತುವನ್ನು ಹಿಂದಕ್ಕೆ ಕಳಿಸುವುದುಂಟೇ ಎಂದು ಮಾವ ಇಂಕ್‌ಜೆಟ್ ಎತ್ತಿಕೊಟ್ಟರು. ಹೊರಡುವ ಮೊದಲು ಆಕೆಯೇ ಆ ಬೊಟ್ಟು ಇಟ್ಟಳೆಂದು ನನ್ನ ನೆನಪು. ಮಾವ ಅಣ್ಣನೇ ಇಟ್ಟ ಎನ್ನುತ್ತಾರೆ. ಅವರು ಹೇಳುವುದೇ ನಿಜವಾಗಿರಲಿ ಎಂದು ಈಚೆಗೆ ಅನ್ನಿಸುತ್ತದೆ.