ದೂಮಪ್ಪ ಬಿಡಿಸಿದ ಇಪ್ಪತ್ತಮೂರು ಮೀನುಗಳು

ಮಸ್ಕತ್‌ನ ಹೆಸರು ಅಚ್ಚಾದ ಕಾಲಾಣೆಯ ತಾಮ್ರದ ನಾಣ್ಯ ಸವೆದಿದ್ದರೆ ಎರಡು ರಿಯಾಲ್, ಅಕ್ಷರ ಉಳಿದಿದ್ದರೆ ಎಂಟು. ವಿಕ್ಟೋರಿಯಾ ರಾಣಿಯ ತಲೆಯಿರುವ ಅರ್ಧಾಣೆಯ ಅಂಚೆಚೀಟಿ ಬಿಡಿಯಾಗಿ ಒಂದೂವರೆ ರಿಯಾಲ್. ಅದೇ ಚೀಟಿ ಮಸ್ಕತ್‌ನ ಮುದ್ರೆ ಹೊತ್ತು ತನ್ನ ಲಕೋಟೆಯ ಮೇಲೆಯೇ ಉಳಿದಿದ್ದರೆ ನೂರಕ್ಕೆ ಕಡಿಮೆಯಿಲ್ಲ. ಇಂಥ ಲಕೋಟೆಗಳ ಬಗ್ಗೆ ಎರಡು ವರ್ಷದ ಹಿಂದೆ ಬಂದ ಹೊಳಪು ಕಾಗದದ ಪುಸ್ತಕಕ್ಕೆ ನಲವತ್ತೈದು ರಿಯಾಲ್. ಅದರೊಳಗಿನ ತಿಳಿವಳಿಕೆಯನ್ನು ಮೂವತ್ತು ವರ್ಷ ಕೂತು ಕಟ್ಟಿದವರ ಹೆಸರು ಮುನ್ನೂರು ಪುಟಗಳಲ್ಲಿ ಒಂದು ಕಡೆಯೂ ಇಲ್ಲ.

ಅವರು ದೂಮಪ್ಪ ಸಾಲಿಯಾನ್. ವಯಸ್ಸು ಅರವತ್ತಾರು. ಬೆಳಗಿನ ಆರು ಗಂಟೆ. ಮಸ್ಕತ್‌ನ ಹೊರವಲಯದ ಅಲ್ ಅಮೇರಾತ್‌ನ ಬಾಡಿಗೆ ಮನೆಯ ಪೂರ್ವದ ಕಿಟಕಿಗೆ ಮೇಜು ಎಳೆದುಕೊಂಡು ಕುಳಿತಿದ್ದಾರೆ. ಬೋಳುಗುಡ್ಡದ ಮೇಲಿಂದ ಬಿಸಿಲು ಓರೆಯಾಗಿ ಬೀಳುತ್ತಿದೆ. ಸವೆದ ನಾಣ್ಯವೊಂದನ್ನು ಆ ಬೆಳಕಿಗೆ ಹಿಡಿದು ಕೂದಲೆಳೆಯಷ್ಟು ತಿರುಗಿಸುತ್ತಾರೆ. ಏನೂ ಇಲ್ಲದ ಕಡೆ ಒಂದು ಅಕ್ಷರ ಏಳುತ್ತದೆ.

‘ನೆಟ್ಟಗೆ ನೋಡಿದ್ರೆ ಇದು ಎಂತದ್ದೂ ಹೇಳುವುದಿಲ್ಲ ಮಾರಾಯ್ರೆ. ಅಡ್ಡ ಬೆಳಕು ಬೇಕು. ಏಳೂವರೆವರೆಗೆ ನನ್ನ ಕೆಲಸ, ಆಮೇಲೆ ಬಿಸಿಲು ಬೆಳ್ಳಗಾಗ್ತದೆ, ಖಲಾಸ್’ ಎನ್ನುತ್ತಾರೆ.

ಎಂಟೂವರೆಗೆ ಮತ್ರಾ ಪೇಟೆಯಲ್ಲಿ ಅಂಗಡಿ ತೆರೆಯಬೇಕು. ಅಗಲ ಆರು ಅಡಿ. ಪರವಾನಗಿ ಕಫೀಲ್‌ನ, ಅಂದರೆ ಒಮಾನಿ ಪ್ರಾಯೋಜಕನ, ಹೆಸರಲ್ಲಿದೆ. ದಿನಕ್ಕೆ ಹತ್ತು ಹನ್ನೆರಡು ಮಂದಿ ಬರುತ್ತಾರೆ. ಅರ್ಧ ಜನ ದಾರಿ ಕೇಳುವವರು.

ಮಲ್ಪೆಯ ಮೀನುಗಾರರ ಮನೆಯಲ್ಲಿ ಹುಟ್ಟಿ, ಎಂಟನೇ ತರಗತಿಗೆ ಶಾಲೆ ಬಿಟ್ಟು, ಇಪ್ಪತ್ತಮೂರಕ್ಕೆ ಇಲ್ಲಿನ ಬಟ್ಟೆ ಅಂಗಡಿಗೆ ಬಂದವರು ಇವರು. ಹಳೆಯ ನಾಣ್ಯಕ್ಕೆ ಪ್ರವಾಸಿಗಳು ದುಡ್ಡು ಕೊಡುವುದನ್ನು ನೋಡಿ ವ್ಯಾಪಾರ ಬದಲಿಸಿದರು. ಬ್ರಿಟಿಷರ ಕಾಲದಲ್ಲಿ ಇಲ್ಲಿನ ಅಂಚೆ ಕಚೇರಿ ಇಂಡಿಯಾದ್ದು, ಚೀಟಿ ಇಂಡಿಯಾದ್ದು, ಲೆಕ್ಕ ಆಣೆಯಲ್ಲಿ. ಹಳೆಯ ಮನೆಗಳ ಅಟ್ಟದಲ್ಲಿ ಅಂಥ ಕಾಗದಗಳು ರಾಶಿ ಬಿದ್ದಿದ್ದವು.

ಒಮ್ಮೆ ಒಬ್ಬ ಕಚ್ಛಿ ವ್ಯಾಪಾರಿಯ ಮನೆಯಿಂದ ಎರಡು ಗೋಣಿ ಹಳೆಯ ಪತ್ರಗಳು ಸಿಕ್ಕಿದವು. ದೂಮಪ್ಪ ಮತ್ತು ಪತ್ನಿ ಕುಸುಮ ಒಂದು ವಾರ ಅವನ್ನು ಬಕೆಟ್ಟಿನಲ್ಲಿ ನೆನೆಹಾಕಿ, ಚೀಟಿ ಬಿಡಿಸಿ, ಪೇಪರಿನ ಮೇಲೆ ಒಣಗಿಸಿದರು. ಲಕೋಟೆಗಳನ್ನು ಕಸಕ್ಕೆ ಹಾಕಿದರು. ಆಗ ಎಲ್ಲ ಚಿಲ್ಲರೆ ವ್ಯಾಪಾರಿಗಳೂ ಮಾಡುತ್ತಿದ್ದದ್ದೇ ಅದು.

ಚೀಟಿ ಕೊಳ್ಳಲು ಬಂದ ಎಲಿಜಬೆತ್ ಎಂಬ ಶಾಲಾ ಶಿಕ್ಷಕಿ ಲಕೋಟೆ ಎಲ್ಲಿ ಎಂದು ಕೇಳಿದರು. ‘ಬಿಸಾಡಿದೆ ಅಂದೆ. ಆ ಟೀಚರ್ ಬೈಯಲಿಲ್ಲ. ಸ್ಟೂಲಿನ ಮೇಲೆ ಕೂತು ಕಣ್ಣು ಮುಚ್ಚಿಕೊಂಡ್ರು. ಬೈದಿದ್ರೆ ಮರೆತುಬಿಡ್ತಿದ್ದೆ. ಪತ್ರ ಯಾವತ್ತು ಹೊರಟಿತು, ಯಾವ ಹಡಗಲ್ಲಿ ಹೋಯ್ತು, ಎಲ್ಲ ಆ ಲಕೋಟೆ ಮೇಲೆ ಇತ್ತು. ಒಂದು ಊರಿನ ಚರಿತ್ರೆಯನ್ನು ನಾನೂ ಕುಸುಮನೂ ಬಾತ್‌ರೂಮಲ್ಲಿ ತೊಳೆದುಬಿಟ್ಟೆವು.’

‘ನನ್ನನ್ನು ಯಾಕೆ ಸೇರಿಸ್ತೀರಿ? ನಾನು ಬರೀ ನೀರು ತುಂಬಿದ್ದು’ ಎಂದು ಒಳಗಿನಿಂದ ಕುಸುಮ ಕೂಗುತ್ತಾರೆ.

ಅಂದಿನಿಂದ ಕೈಗೆ ಬಂದ ಪ್ರತಿ ಲಕೋಟೆಯ ಮುದ್ರೆಯನ್ನು ಟ್ರೇಸಿಂಗ್ ಕಾಗದದಲ್ಲಿ ಇಳಿಸಿಕೊಳ್ಳದೆ ಅವರು ಮಾರಿಲ್ಲ. ಹತ್ತೊಂಬತ್ತು ನೋಟ್‌ಬುಕ್, ನಾಲ್ಕು ಸಾವಿರದ ಮುನ್ನೂರ ಹನ್ನೆರಡು ಲಕೋಟೆ. ಮಸ್ಕತ್‌ನ ಒಂದು ಹಳೆಯ ಮುದ್ರೆಯಲ್ಲಿ ಕೊನೆಯ ಅಕ್ಷರದ ಕಾಲು ವರ್ಷ ವರ್ಷಕ್ಕೆ ಸವೆಯುತ್ತ ಬಂತೆಂದೂ, ತಾರೀಕು ಅಳಿಸಿದ ಲಕೋಟೆಯ ವರ್ಷವನ್ನು ಆ ಕಾಲಿನ ಉದ್ದದಿಂದಲೇ ಹೇಳಬಹುದೆಂದೂ ಕಂಡುಕೊಂಡವರು ಇವರೇ.

ಮುದ್ರೆ ಖೋಟಾ ಎಂಬ ಅನುಮಾನ ಬಂದರೆ ನೋಟ್‌ಬುಕ್‌ನಲ್ಲಿ ಅದರ ಟ್ರೇಸಿಂಗ್‌ನ ಪಕ್ಕ ಪೆನ್ಸಿಲಿನಿಂದ ಒಂದು ಸಣ್ಣ ಮೀನು ಬಿಡಿಸುತ್ತಾರೆ. ‘ನಾರ್ತದೆ ಅಂತ ಅರ್ಥ. ಲಕೋಟೆ ತಂದ ಗಿರಾಕಿಯ ಎದುರು ಬಾಯಿಬಿಟ್ಟು ಹೇಳಲಿಕ್ಕೆ ಆಗ್ತದಾ?’ ಅಂಥವು ಒಟ್ಟು ಇಪ್ಪತ್ತಮೂರು.

ಮದೀನತ್ ಸುಲ್ತಾನ್ ಖಾಬೂಸ್ ಬಡಾವಣೆಯಲ್ಲಿರುವ ಮೈಸೂರಿನ ದೊರೆಸ್ವಾಮಿ, ದೊಡ್ಡ ಹುದ್ದೆಯಿಂದ ನಿವೃತ್ತರಾದವರು, ಹದಿನೈದು ವರ್ಷದ ಗಿರಾಕಿ. ಒಂದು ಮಳೆಗೆ ಪೇಟೆಯೊಳಗೆ ನೀರು ನುಗ್ಗಿದಾಗ, ಸ್ಕ್ಯಾನ್ ಮಾಡಿ ಭದ್ರವಾಗಿಡುತ್ತೇನೆ ಎಂದು ನೋಟ್‌ಬುಕ್‌ಗಳನ್ನು ಒಯ್ದರು. ತಿಂಗಳೊಳಗೆ ಹಿಂದಿರುಗಿಸಿದರು. ‘ಒಯ್ಯುವಾಗ ಒಂದು ರಸೀದಿ ಬರೆಸಿಕೊಳ್ಳಿ ಅಂದೆ. ಅಷ್ಟು ಓದಿದವರ ಹತ್ತಿರ ಹೇಗೆ ಕೇಳುವುದು ಅಂದ್ರು ಇವರು’ ಎನ್ನುತ್ತಾರೆ ಕುಸುಮ.

ಎರಡು ವರ್ಷದ ನಂತರ ಹೋಟೆಲ್ ಹಾಲ್ ಒಂದರಲ್ಲಿ ದೊರೆಸ್ವಾಮಿಯವರ ಪುಸ್ತಕ ಬಿಡುಗಡೆಯಾಯಿತು. ಸವೆದ ಕಾಲಿನ ಲೆಕ್ಕ ಅದರಲ್ಲಿತ್ತು, ಟ್ರೇಸಿಂಗ್‌ಗಳಿದ್ದವು. ಒಂದು ಇಡೀ ಅಧ್ಯಾಯ ಮೀನುಗಳದ್ದು. ದೂಮಪ್ಪನವರ ಪೆನ್ಸಿಲ್ ಮೀನುಗಳು ಅಲ್ಲಿ ‘ಬಂದರಿನ ಅಂಚೆಯ ಅತ್ಯಪರೂಪದ ಗುರುತು’ ಆಗಿದ್ದವು! ಕದ್ದವರಿಗೆ ತಾವು ಕದ್ದದ್ದನ್ನು ಓದುವಷ್ಟು ತಾಳ್ಮೆಯೂ ಇರಲಿಲ್ಲ.

ಆರು ತಿಂಗಳಲ್ಲಿ ಪೇಟೆಗೆ ಮೀನಿನ ಮುದ್ರೆಯ ಲಕೋಟೆಗಳು ಬಂದವು. ಯಾರೋ ರಬ್ಬರಿನಲ್ಲಿ ಮೀನು ಕೆತ್ತಿಸಿದ್ದರು. ಒಂದಕ್ಕೆ ಇನ್ನೂರು ರಿಯಾಲ್. ಪಕ್ಕದ ಅತ್ತರಿನ ಅಂಗಡಿಯ ಉಳ್ಳಾಲದ ಕುಂಞಾಲಿ ದಿನಾ ಬಂದು ಕೆಣಕುತ್ತಿದ್ದರು: ‘ದೂಮಪ್ಪಣ್ಣಾ, ಅಸಲಿ ಮೀನು ನಿಮ್ಮ ಕೈಯಲ್ಲೇ ಉಂಟಲ್ಲ! ಒಂದು ನಾಲ್ಕು ಬಿಡಿಸಿ ಕೊಡಿ, ಊರಲ್ಲಿ ಮನೆ ಕಟ್ಟುವ.’

ದೂಮಪ್ಪ ನಗಲಿಲ್ಲ. ‘ಹೆಸರು ಹಾಕಲಿಲ್ಲ ಅಂತ ಬೇಜಾರಾಯ್ತು, ಇಲ್ಲ ಅಂತ ಹೇಳುವುದಿಲ್ಲ. ಆದ್ರೆ ನಾನು ಸುಳ್ಳು ಅಂತ ಗುರುತು ಹಾಕಿದ್ದನ್ನೇ ಸತ್ಯ ಅಂತ ಮಾರ್ತಾರಲ್ಲ, ಅದಕ್ಕೆ ನಿದ್ದೆ ಬರಲಿಲ್ಲ.’ ದೊರೆಸ್ವಾಮಿಯವರ ಮನೆಗೆ ಹೋದರು. ಅವರು ಕಾಫಿ ಕೊಟ್ಟು, ಎರಡನೇ ಮುದ್ರಣದಲ್ಲಿ ಸಹಲೇಖಕರೆಂದು ಹೆಸರು ಹಾಕುವುದಾಗಿ ಹೇಳಿದರು. ಮೀನಿನ ಮಾತು ಮಾತ್ರ ಎತ್ತಬಾರದು. ಅವರೂ ಸ್ನೇಹಿತರೂ ಅಂಥ ಲಕೋಟೆಗಳಿಗೆ ಆಗಲೇ ದುಡ್ಡು ಹಾಕಿಯಾಗಿತ್ತು.

‘ಮೀನು ತೆಗೀರಿ ಸಾರ್, ಹೆಸರು ಬೇಡ ಅಂದೆ. ಕಾಫಿ ಅರ್ಧ ಬಿಟ್ಟು ಎದ್ದೆ.’

ಮರುದಿನ ಅಂಗಡಿಯ ಗಾಜಿಗೆ ಮೂರು ಭಾಷೆಯಲ್ಲಿ ಬರೆಸಿ ಅಂಟಿಸಿದರು: ಮೀನಿನ ಮುದ್ರೆ ಎಂಬುದಿಲ್ಲ, ಅದು ಖೋಟಾ ಎಂದು ನಾನೇ ಹಾಕಿಕೊಂಡ ಗುರುತು, ಬೇಕಾದವರು ನೋಟ್‌ಬುಕ್ ನೋಡಬಹುದು. ಕೊಂಡವರು ದುಡ್ಡು ವಾಪಸು ಕೇಳತೊಡಗಿದರು. ಕೆಲವು ವ್ಯಾಪಾರಿಗಳು ಇವರಿಗೆ ಸರಕು ಕೊಡುವುದನ್ನೇ ನಿಲ್ಲಿಸಿದರು.

ದೂಮಪ್ಪನವರ ಹೆಸರೇಕಿಲ್ಲ ಎಂದು ದೊರೆಸ್ವಾಮಿಯವರಿಗೆ ಫೋನ್ ಮಾಡಿ ಕೇಳಿದರೆ ಉತ್ತರ ನಯವಾಗಿದೆ: ‘ಅಲ್ಲಾ ಸಾರ್, ದೂಮಪ್ಪನವರು ಒಳ್ಳೆ ಮನುಷ್ಯ, ನಮಗೆ ಸ್ಟ್ಯಾಂಪ್ ಕೊಡೋರು. ಆದ್ರೆ ರಿಸರ್ಚ್ ಅನ್ನೋದು ಬೇರೆ ಅಲ್ವಾ?’

ಬೇರೆ ಹೇಗೆ? ನಾಲ್ಕು ಸಾವಿರ ಲಕೋಟೆಗಳನ್ನು ಕಣ್ಣಿಗೆ ಹಿಡಿದು, ಅನುಮಾನವಿದ್ದಲ್ಲಿ ಅನುಮಾನ ಎಂದು ಬರೆದವರು ವ್ಯಾಪಾರಿ. ಅದನ್ನು ತಪ್ಪಾಗಿ ನಕಲು ಮಾಡಿದವರು ವಿದ್ವಾಂಸರು. ಹೊಳಪು ಕಾಗದ ಹಾಕಿದ ಮಾತ್ರಕ್ಕೆ ಕಳವು ಕಳವಲ್ಲದೆ ಹೋಗುವುದಿಲ್ಲ.

ಎರಡನೇ ಮುದ್ರಣ ಕಳೆದ ತಿಂಗಳು ಬಂದಿದೆ. ಮೀನಿನ ಅಧ್ಯಾಯವಿಲ್ಲ. ಮುನ್ನುಡಿಯಲ್ಲಿ ಒಂದು ಸಾಲಿದೆ: ಲೇಖಕರ ಮುಂದುವರಿದ ಸಂಶೋಧನೆಯಿಂದ ಆ ಗುರುತು ಖೋಟಾ ಎಂದು ತಿಳಿದುಬಂದಿದೆ.

ಕುಸುಮ ಆ ಪುಟ ಓದಿಸಿಕೊಂಡು ಕೇಳುತ್ತಾರೆ: ‘ಇದನ್ನೂ ಅವರೇ ಕಂಡುಹಿಡಿದದ್ದಾ?’

‘ಇರಲಿ. ಇನ್ನು ಈ ಪುಸ್ತಕ ನೋಡಿ ಯಾರೂ ಮೋಸ ಹೋಗುವುದಿಲ್ಲ’ ಎನ್ನುತ್ತಾರೆ ದೂಮಪ್ಪ.

ಮಸ್ಕತ್‌ನ ಅಂಚೆಯ ಚರಿತ್ರೆಯಿಂದ ಇಪ್ಪತ್ತಮೂರು ಸುಳ್ಳುಗಳು ಹೋದವು. ಅವನ್ನು ತೆಗೆಸಿದವರ ಹೆಸರು ಅದರಲ್ಲಿ ಇನ್ನೂ ಸೇರಿಲ್ಲ.