ಉಲ್ಲೇಖದಲ್ಲಿ ಬಂದ ಹೆಸರು

ಇಲಿಗಳ ಮಿದುಳಿನಲ್ಲಿ ನೆನಪು ಹೇಗೆ ಉಳಿಯುತ್ತದೆ ಅಂತ ನೋಡುವುದು ನನ್ನ ಕೆಲಸ. ನನ್ನ ಪ್ರಬಂಧವನ್ನು ಯಾರಾದರೂ ತಮ್ಮ ಪ್ರಬಂಧದಲ್ಲಿ ಉಲ್ಲೇಖಿಸಿದರೆ ಫೋನಿಗೆ ಸೂಚನೆ ಬರುತ್ತದೆ. ಎಷ್ಟು ಜನ ಉಲ್ಲೇಖಿಸಿದರು ಅನ್ನುವುದರ ಮೇಲೆಯೇ ನಮಗೆ ಬಡ್ತಿ. ಯಾರು ಉಲ್ಲೇಖಿಸಿದರು ಅಂತ ನೋಡುವವಳು ನಾನೊಬ್ಬಳೇ.

ಹೋದ ವರ್ಷ ಒಂದು ಸಂಜೆ ದಾದರ್‌ನಲ್ಲಿ ಲೋಕಲ್ ರೈಲು ಹತ್ತಿ, ಅಮ್ಮನ ಜೊತೆ ಮಾತಾಡಿ ಫೋನ್ ಇಡುವಷ್ಟರಲ್ಲಿ ಸೂಚನೆ ಬಂತು. ಉಲ್ಲೇಖಿಸಿದವನು ಹಿಂದೆ ನನ್ನ ಲ್ಯಾಬಿನಲ್ಲೇ ಇದ್ದವನು. ನಾವಿಬ್ಬರೂ ಮದುವೆಯಾಗುತ್ತೇವೆ ಅಂತ ಎಲ್ಲರೂ ಅಂದುಕೊಂಡಿದ್ದರು, ನಾನೂ. ಈಗ ಮಾತಿಲ್ಲ.

ನನ್ನ ಕನ್ನಡ ಕೇಳಿಸಿಕೊಂಡಿದ್ದ ಪಕ್ಕದ ಹೆಂಗಸು ವಿಜಾಪುರದ ಕಡೆಯವರು, ಕೈಯಲ್ಲಿ ಮಲ್ಲಿಗೆ ಮಾಲೆ ಹಿಡಿದು ಜೋಗೇಶ್ವರಿಗೆ ಹೊರಟಿದ್ದರು. "ಯಾಕವಾ, ಒಮ್ಮೆಲೇ ಸಪ್ಪಗಾದಿ?" ಎಂದರು. ಗುರುತಿಲ್ಲದವರ ಹತ್ತಿರ ಹೇಳುವುದು ಸುಲಭ. ಎಲ್ಲ ಹೇಳಿಬಿಟ್ಟೆ.

"ಇದು ನಮ್ಮ ಒಡಪು ಇದ್ದಂಗ ಐತಲ್ಲ! ಗಂಡನ ಹೆಸರು ನಾವು ಸುಮ್ಮಸುಮ್ಮನ ಹೇಳಂಗಿಲ್ಲ. ಒಡಪು ಕಟ್ಟಿ ಅದರಾಗ ಸೇರಿಸಿ ಹೇಳತೀವಿ," ಎಂದು ಅಲ್ಲೇ ಒಂದು ಕಟ್ಟಿದರು:

"ಗಾಡ್ಯಾಗ ಗದ್ದಲ, ಕೈಯಾಗ ಮಲ್ಲಿಗಿ ಮಾಲಿ,
ಶಿವಪ್ಪನವರು ಇಲ್ದ ಮನಿಯೆಲ್ಲಾ ಖಾಲಿ."

ಯಜಮಾನರು ಊರಿಗೆ ಹೋಗಿ ತಿಂಗಳಾಗಿತ್ತಂತೆ. "ಈಗ ನೀನೂ ಒಂದು ಹೇಳು," ಎಂದರು. ನನಗೆ ಬರಲ್ಲ ಅಂದೆ.

ಆಮೇಲೆ ಬರೆದ ಪ್ರಬಂಧದಲ್ಲಿ ಅವನದೊಂದು ಹಳೆಯ ಪ್ರಬಂಧವನ್ನು ಉಲ್ಲೇಖಿಸಿದೆ. ಇದು ಇಲ್ಲಿ ಯಾಕೆ ಬೇಕು ಅಂತ, ಅಚ್ಚಿಗೆ ಮುಂಚೆ ಓದಿ ನೋಡುವ ಪರಿಶೀಲಕರು ಕೇಳಿದ್ದಾರೆ. "ಹಿನ್ನೆಲೆಗೆ ಅಗತ್ಯ" ಎಂದು ಉತ್ತರ ಬರೆದಿದ್ದೇನೆ.