ಪಟ್ಟಿ ಕಟ್ಟದ ಚೆಪುರೈ

ಚೆಪುರೈಗೆ ನಮ್ಮ ಪೊಕೋಟ್ ಸೀಮೆಯಲ್ಲಿ ಇದ್ದ ಅಡ್ಡಹೆಸರುಗಳಲ್ಲಿ ಒಳ್ಳೆಯದು ಅಂತ ಒಂದೂ ಇರಲಿಲ್ಲ. ಮುಖದೆದುರು ಕರೆಯುತ್ತಿದ್ದದ್ದು 'ತುರ್ಕಾನದವರ ಬೀಗಿತ್ತಿ' ಎಂದು, ಹೊಳೆಯಾಚೆಯ ನಮ್ಮ ಹಗೆಗಳಿಗೆ ನೆಂಟಳು ಅನ್ನುವ ಕುಹಕ. ಬೆನ್ನ ಹಿಂದೆ ಕರೆಯುತ್ತಿದ್ದದ್ದನ್ನು ಬರೆಯುವ ಹಾಗಿಲ್ಲ. 'ಶಾಂತಿ ಸಮಿತಿಯ ಸದಸ್ಯೆ' ಎಂದು ಗೌರವದಿಂದ ಕರೆಯುತ್ತಿದ್ದವರು ಪಟ್ಟಣದಿಂದ ಜೀಪಿನಲ್ಲಿ ಬರುತ್ತಿದ್ದ ಸಂಸ್ಥೆಯವರು ಮಾತ್ರ. ಅವರು ಬಂದರೆಂದರೆ ಶಾಮಿಯಾನ ಏಳುತ್ತಿತ್ತು. ಎರಡೂ ಕಡೆಯವರಿಗೆ ಟೋಪಿ ಹಂಚಿ, ಸೋಡಾ ಕುಡಿಸಿ, ಕೈ ಕುಲುಕಿಸಿ, ಫೋಟೋ ಹಿಡಿದುಕೊಂಡು ಹೋಗುತ್ತಿದ್ದರು. ನಮ್ಮ ಹುಡುಗರು ಅದೇ ಟೋಪಿ ಹಾಕಿಕೊಂಡು ಹೊಳೆಯಾಚೆಗೆ ದನ ಹೊಡೆದುಕೊಂಡು ಬರಲು ಹೋಗುತ್ತಿದ್ದರು. ಬಿಸಿಲಿಗೆ ಚೆನ್ನಾಗಿದೆ ಅನ್ನುತ್ತಿದ್ದರು, ನಾಚಿಕೆಗೆಟ್ಟವರು!

ನಿಜವಾದ ಕೆಲಸ ನಡೆಯುತ್ತಿದ್ದದ್ದು ಇಬ್ಬರು ಹೆಂಗಸರ ಫೋನಿನಲ್ಲಿ. ಒಣಹೊಳೆಯ ಈಚೆ ದಡದಲ್ಲಿ ಚೆಪುರೈ, ಆಚೆ ದಡದಲ್ಲಿ ಅಸೆಕೋನ್ ಎಂಬ ತುರ್ಕಾನದ ಹೆಂಗಸು. ಗಡಿಯ ಸಂತೆಯಲ್ಲಿ ಚೆಪುರೈ ಹೊಗೆಸೊಪ್ಪು ಮಾರುತ್ತಿದ್ದಳು, ಅಸೆಕೋನ್ ಒಣಮೀನು. ಇದ್ದದ್ದು ಒಂದೇ ಜಾಲಿಮರ, ಅದರ ನೆರಳಿಗಾಗಿ ಇಬ್ಬರೂ ವರ್ಷಗಟ್ಟಲೆ ಜಗಳವಾಡಿದ್ದರು. 'ನಿನ್ನ ಮೀನಿನ ನಾತಕ್ಕೆ ನನ್ನ ಗಿರಾಕಿ ಓಡಿಹೋಗ್ತಾರೆ' ಎಂದು ಇವಳು, 'ನಿನ್ನ ಮುಖ ನೋಡಿ ಓಡಿಹೋಗೋದು ಕಣೇ, ನನ್ನ ಮೀನೇನು ಮಾಡುತ್ತೆ' ಎಂದು ಅವಳು. ಆಮೇಲೊಂದು ವರ್ಷ ಭಾರಿ ಹೊಡೆದಾಟವಾಯಿತು. ಚೆಪುರೈಯ ಗಂಡ ಗುಂಡಿಗೆ ಸಿಕ್ಕಿ ಸತ್ತ. ಸೂತಕ ಮುಗಿಸಿ ಬೋಳುತಲೆಯಲ್ಲಿ ಸಂತೆಗೆ ಬಂದರೆ ಜಾಲಿಯ ಕೆಳಗೆ ಅಸೆಕೋನಳೂ ತಲೆ ಬೋಳಿಸಿಕೊಂಡು ಕುಳಿತಿದ್ದಾಳೆ. ಅದೇ ಹೊಡೆದಾಟದಲ್ಲಿ ಅವಳ ತಮ್ಮ ಹೋಗಿದ್ದ. ಇಬ್ಬರೂ ಒಬ್ಬರ ಬೋಳುತಲೆಯನ್ನು ಇನ್ನೊಬ್ಬರು ನೋಡಿದರು. ಅಸೆಕೋನ್ ಮೀನಿನ ಚೀಲ ಪಕ್ಕಕ್ಕೆ ಎಳೆದುಕೊಂಡು, "ಬಾ, ಕೂತ್ಕೋ. ನಿನ್ನ ತಲೇಗೂ ಬಿಸಿಲು ಬಡಿಯುತ್ತೆ" ಅಂದಳು.

ಅಲ್ಲಿಂದ ಶುರುವಾಯಿತು. ಅರ್ಧ ಸ್ವಾಹಿಲಿ, ಅರ್ಧ ಬೈಗುಳ, ಅದೇ ಅವರ ಭಾಷೆ. ತಪ್ಪಿಸಿಕೊಂಡ ಮೇಕೆ ಆಚೆ ಸಿಕ್ಕಿದರೆ ಅಸೆಕೋನ್ ಕಟ್ಟಿಹಾಕಿ ಫೋನ್ ಮಾಡುತ್ತಿದ್ದಳು. ಅವರ ಕಡೆಯ ಹುಡುಗರು ಬಂದೂಕು ಒರೆಸುತ್ತಿದ್ದಾರೆಂದರೆ ನಮಗೆ ಸುದ್ದಿ ಬರುತ್ತಿತ್ತು, ನಾವು ದನಗಳನ್ನು ಗುಡ್ಡದ ಹಿಂದಕ್ಕೆ ಅಟ್ಟುತ್ತಿದ್ದೆವು. ಬಂದವರು ಖಾಲಿ ದೊಡ್ಡಿ ನೋಡಿ, ಉಗಿದು, ಹಿಂದಿರುಗುತ್ತಿದ್ದರು. ಹಾಗೆ ತಪ್ಪಿದ ಹೆಣಗಳಿಗೆ ಯಾರೂ ಫೋಟೋ ಹಿಡಿಯಲು ಬರಲಿಲ್ಲ.

ಆದರೆ ಚೆಪುರೈಯ ಹೆಸರು ಕೆಟ್ಟದ್ದು ಫೋನಿನಿಂದಲ್ಲ, ಪಟ್ಟಿಯಿಂದ. ಬಸುರಿ ಹೆಂಗಸು ಹೊಟ್ಟೆಯ ಮೇಲೆ ಕಟ್ಟಿಕೊಳ್ಳುವ, ಕವಡೆ ಪೋಣಿಸಿದ ಚರ್ಮದ ನಡುಪಟ್ಟಿಯೊಂದು ನಮ್ಮಲ್ಲಿದೆ. ಲೆಕೆಟ್ಯೊ ಅನ್ನುತ್ತೇವೆ. ಮಗ ದನದ ಲೂಟಿಗೆ ಹೊರಟಾಗ ತಾಯಿ ಅದನ್ನು ಮತ್ತೆ ಕಟ್ಟಿಕೊಳ್ಳುತ್ತಾಳೆ, ಅವನು ಮನೆಗೆ ಬರುವವರೆಗೆ ಬಿಚ್ಚುವುದಿಲ್ಲ. ಹೊಟ್ಟೆಯಲ್ಲಿದ್ದಾಗ ಕಾದದ್ದು ಬಯಲಿನಲ್ಲೂ ಕಾಯುತ್ತದೆ ಎಂಬ ನಂಬಿಕೆ. ಪಟ್ಟಿ ಕಟ್ಟದ ತಾಯಿಯ ಮಗನನ್ನು ಜೊತೆಯವರೇ ಸೇರಿಸಿಕೊಳ್ಳುವುದಿಲ್ಲ, ಅವನ ಜೊತೆ ತಮ್ಮ ತಲೆಯೂ ಹೋಗುತ್ತದೆ ಅಂತ. ಚೆಪುರೈ ಕೈ ಹಾಕಿದ್ದು ಸರಿಯಾಗಿ ಅಲ್ಲಿಗೆ. ಮನೆಮನೆಗೆ ಹೋಗಿ ತಾಯಂದಿರ ಕಾಲು ಹಿಡಿದಳು. "ಬಂದೂಕು ಕಿತ್ಕೊಳ್ಳೋಕೆ ಪೊಲೀಸರ ಕೈಲೇ ಆಗ್ಲಿಲ್ಲ, ನಮ್ಮ ಕೈಲಾಗುತ್ತಾ? ಪಟ್ಟಿ ನಮ್ದು ತಾನೆ? ಹೆರೋಕೆ ಕಟ್ಕೊಳ್ಳಿ, ಕೊಲ್ಲೋಕೆ ಕಟ್ಕೋಬೇಡಿ." ಕೆಲವರು ನಾಯಿ ಛೂ ಬಿಟ್ಟರು. ಕೆಲವರು ಅತ್ತರು. ಕೊನೆಗೆ ಹೆಂಗಸರೆಲ್ಲ ಹೊಳೆಯ ಮರಳಿನಲ್ಲಿ ನಿಂತು, ಲೂಟಿಗೆ ಪಟ್ಟಿ ಕಟ್ಟುವುದಿಲ್ಲ ಎಂದು ಆಣೆ ಮಾಡಿದರು. ಹುಡುಗರು ಹಲ್ಲು ಕಡಿದುಕೊಂಡು ಮನೆಯಲ್ಲಿ ಉಳಿದರು. ಎರಡು ಮಳೆಗಾಲ ಹೊಳೆಯಲ್ಲಿ ರಕ್ತ ಬೀಳಲಿಲ್ಲ.

ಚೆಪುರೈಯ ಒಬ್ಬನೇ ಮಗ ಕ್ರೊಪ್. ಅವನಿಗೆ ಪ್ರಾಯ ಬಂದಿತ್ತು, ಒಬ್ಬ ಹುಡುಗಿ ಮನಸ್ಸಿಗೆ ಬಂದಿದ್ದಳು. ಅವಳಪ್ಪ ಹೆಣ್ಣಿಗೆ ಬದಲಾಗಿ ದನ ಕೇಳುತ್ತಿದ್ದ. ಇವನ ದೊಡ್ಡಿಯಲ್ಲಿದ್ದದ್ದು ಮೇಕೆಗಳು ಮತ್ತು ಸಗಣಿ. ಓರಗೆಯವರು ಸುಮ್ಮನಿದ್ದಾರೆಯೇ? "ಏನೋ ಬೀಗಿತ್ತಿ ಮಗನೇ, ಹೆಣ್ಣಿಗೆ ಒಣಮೀನು ಕೊಡ್ತೀಯೇನೋ?" ಎಂದು ಕಿಚಾಯಿಸುತ್ತಿದ್ದರು. ಅವನು ಮನೆಗೆ ಬಂದು ತಾಯಿಯ ಮೇಲೆ ಕೂಗಾಡುತ್ತಿದ್ದ.

"ಅವ್ವಾ, ಊರಿನ ಶಾಂತಿಗೆಲ್ಲ ನನ್ನೊಬ್ಬನ್ನೇ ಬಲಿ ಕೊಡ್ತೀಯಾ?"

"ಬಲಿ ಆಗೋದು ಬೇಡ ಅಂತಾನೇ ಕಣೋ ಬಡ್ಕೊಳ್ಳೋದು. ನಾನು ಪಟ್ಟಿ ಕಟ್ಟಲ್ಲ. ಏನ್ಬೇಕಾದ್ರೂ ಮಾಡ್ಕೋ."

ಹಾಗೆ ಹೇಳಿ ಅವಳು ನಿಶ್ಚಿಂತೆಯಿಂದಿದ್ದಳು. ಎಂಥ ನಿಶ್ಚಿಂತೆ, ದೇವರೇ! ಅಂಗಳದ ಆಚೆ ಗುಡಿಸಲಿನಲ್ಲಿ ಸಬೀನಾ ಇದ್ದಾಳೆಂಬುದನ್ನು ಅವಳು ಮರೆತಳು. ಸಬೀನಾ ಸವತಿ, ಮೊದಲ ಹೆಂಡತಿ. ಹೆತ್ತವೆಲ್ಲ ಮಣ್ಣಾಗಿದ್ದವು. ಕ್ರೊಪ್ ಹುಟ್ಟಿದ ಮೇಲೆ ಚೆಪುರೈ ಜ್ವರದಲ್ಲಿ ಬಿದ್ದಿದ್ದಾಗ ಮೇಕೆಹಾಲು ಬೆರಳಲ್ಲಿ ಅದ್ದಿ ಚೀಪಿಸಿ ಉಳಿಸಿದವಳು ಅವಳೇ. ದೊಡ್ಡವನಾದ ಮೇಲೂ ಅವನು ತಾಯಿಯ ಕೈಯಡುಗೆ ಬಿಟ್ಟು ದೊಡ್ಡವ್ವನ ಗಂಜಿಗೇ ಓಡುತ್ತಿದ್ದ. ನಮ್ಮಲ್ಲಿ ಗಂಡ ಒಬ್ಬನಾದರೆ ಮಕ್ಕಳಿಗೆ ತಾಯಂದಿರೆಲ್ಲ ತಾಯಂದಿರೇ. ಊರಿಗೆಲ್ಲ ಬುದ್ಧಿ ಹೇಳಿದ ಚೆಪುರೈಗೆ ತನ್ನ ಅಂಗಳದ ಈ ಲೆಕ್ಕ ಹೊಳೆಯಲೇ ಇಲ್ಲ. ಆಣೆ ಮಾಡಿದ ದಿನ ಸಬೀನಾ ಕಾಲುನೋವೆಂದು ಹೊಳೆಗೆ ಬಂದಿರಲಿಲ್ಲ. ಮಗನಿಲ್ಲದ ಮುದುಕಿ, ಬಂದರೇನು ಬಿಟ್ಟರೇನು ಎಂದು ಯಾರೂ ಕರೆಯಲೂ ಇಲ್ಲ.

ಆ ಎರಡು ಮಳೆಗಾಲ ಕಳೆದ ಮೇಲೆ ಒಂದು ಸಂಜೆ ಒಲೆಗೆ ಕೆಂಡ ಕೇಳಲು ಚೆಪುರೈ ಸಬೀನಾಳ ಗುಡಿಸಲಿಗೆ ಬಗ್ಗಿದಳು. ಮುದುಕಿ ಗೋಡೆಗೊರಗಿ ಕೂತಿತ್ತು. ಮೇಲುಹೊದಿಕೆ ಜಾರಿತ್ತು, ಕೆಳಗೆ ಕವಡೆ ಬೆಳ್ಳಗೆ ಕಂಡವು. ಚೆಪುರೈಗೆ ಮೊದಲು ನಗುವೇ ಬಂತು.

"ಏನಕ್ಕಾ ಇದು, ಈ ವಯಸ್ಸಲ್ಲಿ ಬಸುರಾ? ಯಾರೇ ಆ ಪುಣ್ಯಾತ್ಮ?"

ಸಬೀನಾ ನಗಲಿಲ್ಲ. ಹೊದಿಕೆ ಎಳೆದುಕೊಂಡಳು. ಮಧ್ಯಾಹ್ನದಿಂದ ಊರಿನಲ್ಲಿ ಒಬ್ಬ ಹುಡುಗನೂ ಕಂಡಿಲ್ಲವೆಂಬುದು ಅವಳಿಗೆ ಆಗ ನೆನಪಾಯಿತು.

"ಎಲ್ಲಿ ಅವನು?"

"ನನ್ನನ್ನ ಕೇಳ್ಬೇಡ."

"ಎಲ್ಲಿಗೆ ಕಳಿಸ್ದೆ ಅವನ್ನ? ಹೇಳಕ್ಕಾ, ನಿನ್ನ ಕಾಲಿಗೆ ಬೀಳ್ತೀನಿ."

"ನಾನು ಯಾಕೆ ಕಳಿಸ್ಲಿ? ಹೊರಟಿದ್ದ. ಉಳಿದವರ ಅವ್ವಂದಿರು ಕದ್ದು ಕಟ್ಟಿದಾರಂತೆ, ಇವನಿಗೆ ಮಾತ್ರ ಇಲ್ಲ. ಕಟ್ಟದಿದ್ರೆ ನೇಣು ಹಾಕ್ಕೋತೀನಿ ಅಂದ. ಹೆತ್ತವಳು ಕಲ್ಲಾದ್ರೆ ನಾನೂ ಕಲ್ಲಾಗ್ಲಾ?" ಮುದುಕಿ ಹೊಳೆಯ ಕಡೆಗೆ ಕೈ ಮಾಡಿದಳು. "ಹುಣಸೆ ತೋಪಿನ ಹತ್ರ ಹೊಳೆ ದಾಟ್ತಾರಂತೆ. ಬೆಳಗಾಗೋ ಹೊತ್ತಿಗೆ ನುಗ್ತಾರಂತೆ."

ಹುಣಸೆ ತೋಪಿನ ಎದುರಿಗಿರುವುದು ಅಸೆಕೋನಳ ಊರು.

"ಬಿಚ್ಚು ಅದನ್ನ," ಅಂದಳು ಚೆಪುರೈ. "ಬಿಚ್ಚಕ್ಕಾ! ಪಟ್ಟಿ ಬಿಚ್ಚಿದಾರೆ ಅಂತ ಯಾರ ಹತ್ರಾನಾದ್ರೂ ಹೇಳಿ ಕಳಿಸ್ತೀನಿ. ಹೆದರ್ಕೊಂಡು ತಿರುಗಿ ಬರ್ತಾರೆ."

"ಯಾರು ಹೋಗ್ತಾರೆ? ಕಾಲು ಗಟ್ಟಿ ಇದ್ದವರೆಲ್ಲ ಅವನ ಜೊತೇನೇ ಹೋಗಿದಾರೆ. ಸುದ್ದಿ ಮುಟ್ಟೋದಿಲ್ಲ, ನಾನು ಬಿಚ್ಚಿದ್ದು ಮಾತ್ರ ಅವನಿಗೆ ಮುಟ್ಟುತ್ತೆ. ಹೋಗೇ, ಹೋಗು!"

ಚೆಪುರೈ ಹೊರಗೆ ಓಡಿದಳು. ಅಂಗಳದಲ್ಲಿ ನಿಂತು ಹೊಳೆಯ ದಿಕ್ಕಿಗೆ ಬಾಯಿ ಬಿಟ್ಟು ಕೂಗಿದಳು, 'ಕ್ರೊಪ್, ಕ್ರೊಪ್' ಎಂದು, ಹುಚ್ಚಿಯ ಹಾಗೆ. ಓಡಿಹೋಗಿ ತಡೆಯೋಣವೆಂದರೆ ಅವರು ಎಷ್ಟೋ ದೂರ ಹೋಗಿರಬೇಕು. ಊರಿನ ಮುದುಕರ ಹತ್ತಿರ ಹೋದಳು. ಅವರು ನಶ್ಯ ಏರಿಸಿಕೊಂಡು, "ಹೋದೋರು ಹೋದ್ರು, ಇನ್ನು ದನ ಬಂದ್ರೆ ನಿನಗೂ ಒಂದು ಪಾಲು" ಅಂದರು. ಅವರ ಮುಖಕ್ಕೆ ಬೆಂಕಿ ಹಾಕ!

ಫೋನಿಗೆ ಸಿಗ್ನಲ್ ಸಿಗುವುದು ಊರ ಮೇಲಿನ ಬಂಡೆಯ ಮೇಲೆ. ಅಲ್ಲಿ ಹತ್ತಿ ಕೂತು ಮಗನಿಗೆ ಫೋನ್ ಮಾಡಿದಳು, ಆಫ್ ಆಗಿತ್ತು. ಅಸೆಕೋನ್‌ಗೆ ಹೇಳಿದರೆ ಆಚೆಯ ಗಂಡಸರು ಬಂದೂಕು ಹಿಡಿದು ತೋಪಿನಲ್ಲಿ ಕಾಯುತ್ತಾರೆ, ತಾನು ಹೆತ್ತವನು ಅವರ ಗುರಿಗೆ ನಡೆದು ಬರುತ್ತಾನೆ. ಹೇಳದಿದ್ದರೆ ಗುಡಿಸಲಿನಲ್ಲಿ ಮಲಗಿದ ಮಕ್ಕಳ ಮೇಲೆ ಗುಂಡು ಹಾರುತ್ತದೆ. ಅಸೆಕೋನಳ ಮೊಮ್ಮಕ್ಕಳು ಸಂತೆಯಲ್ಲಿ ಇವಳ ಮಡಿಲಲ್ಲಿ ಮೂತ್ರ ಮಾಡಿದ ಮಕ್ಕಳು. ಬೇಡ, ನನ್ನ ಮಗ ಬದುಕಲಿ, ಪ್ರಪಂಚ ಹಾಳಾಗಲಿ ಎಂದುಕೊಂಡು ಫೋನನ್ನು ಸೆರಗಿಗೆ ಸುತ್ತಿದಳು. ಬಂಡೆಯಿಂದ ಅರ್ಧ ಇಳಿದಳು. ಅಲ್ಲೇ ಕುಕ್ಕರಿಸಿ ಎದೆ ಬಡಿದುಕೊಂಡು ಅತ್ತಳು. ಮತ್ತೆ ಹತ್ತಿದಳು.

"ಏನೇ, ಹೊಗೆಸೊಪ್ಪಿನ ರಾಣಿ," ಅಂತ ಅಸೆಕೋನಳ ದನಿ ಬಂತು. ಹಿಂದೆ ಮೇಕೆಗಳ ಕೂಗು, ಮಕ್ಕಳ ಗಲಾಟೆ. "ಹಾಲು ಕರೀತಾ ಇದೀನಿ, ಬೇಗ ಬೊಗಳು."

"ಮಕ್ಕಳನ್ನ ಕರ್ಕೊಂಡು ಗುಡ್ಡ ಹತ್ತು. ಈಗ್ಲೇ. ಬೆಳಗಿನ ಜಾವ ಹುಣಸೆ ತೋಪಿನ ಕಡೆಯಿಂದ ಬರ್ತಾರೆ."

ಅತ್ತ ಕಡೆ ಹಾಲಿನ ಪಾತ್ರೆ ಉರುಳಿದ ಸದ್ದಾಯಿತು.

"ಅಸೆಕೋನ್, ನನ್ನವನೂ ಇದಾನೆ."

"ಅಯ್ಯೋ ನನ್ನವ್ವಾ."

"ಹೆಂಗಸರು ಮಕ್ಕಳಿಗೆ ಮಾತ್ರ ಹೇಳು. ನಿಮ್ಮ ಗಂಡಸರಿಗೆ ಹೇಳ್ಬೇಡ ಕಣೇ. ದನ ಹೊಡ್ಕೊಂಡು ಹೋಗ್ಲಿ, ನಾನು ಹೆಂಗಾದ್ರೂ ವಾಪಸ್ ಕೊಡಿಸ್ತೀನಿ, ನನ್ನ ಚರ್ಮ ಮಾರಿ ಕೊಡಿಸ್ತೀನಿ."

"ಹೇಳ್ದೆ ಹೆಂಗಿರ್ಲೇ? ದೊಡ್ಡಿ ಕಾಯೋರು ನನ್ನ ಮಕ್ಕಳೇ. ಅವರೇನು ಕಲ್ಲಿನಲ್ಲಿ ಹುಟ್ಟಿದಾರಾ?" ಅಸೆಕೋನ್ ಅಳುತ್ತಿದ್ದಳು. "ಮೇಲಕ್ಕೆ ಗುಂಡು ಹಾರಿಸಿ, ಹೆದರಿಸಿ ಓಡಿಸಿ ಅಂತ ಕೈ ಮುಗೀತೀನಿ. ಕೇಳ್ತಾರೋ ಬಿಡ್ತಾರೋ. ನಿನ್ನವನು ನಿನ್ನ ಮಾತು ಕೇಳಿದ್ನಾ?"

ಚೆಪುರೈ ಮನೆಗೆ ಬಂದು ತನ್ನ ಪಟ್ಟಿ ಹುಡುಕಿದಳು. ಪಟ್ಟಿಗೆ ಗುಂಡು ಹೆದರುವುದಿಲ್ಲ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವಳು ಅದನ್ನು ಹೊಟ್ಟೆಗೆ ಅವುಚಿಕೊಂಡು ನೆಲದ ಮೇಲೆ ಬಿದ್ದುಕೊಂಡಳು. ಕಟ್ಟಿಕೊಳ್ಳುವ ಧೈರ್ಯವಾಗಲಿಲ್ಲ. ಕಟ್ಟಿದರೆ ಆಚೆಯ ಮಕ್ಕಳ ಸಾವಿಗೆ ಹರಸಿದಂತೆ. ಕಟ್ಟದಿದ್ದರೆ? ಅದನ್ನು ಯೋಚಿಸಲು ಅವಳಿಂದಾಗಲಿಲ್ಲ.

ಸೂರ್ಯ ಮೇಲೆ ಬಂದ ಮೇಲೆ ಹುಡುಗರು ಬರಿಗೈಯಲ್ಲಿ, ಒಬ್ಬೊಬ್ಬರಾಗಿ, ತಲೆ ತಗ್ಗಿಸಿಕೊಂಡು ಬಂದರು. ತುರ್ಕಾನದವರು ತೋಪಿನಲ್ಲಿ ಕಾದು ಕೂತಿದ್ದರು ಅಂದರು. ಎಲ್ಲರೂ ಬಂದರು. ಕ್ರೊಪ್ ಬರಲಿಲ್ಲ. ಚೆಪುರೈ ಯಾರನ್ನೂ ಏನೂ ಕೇಳದೆ ಬಂಡೆ ಹತ್ತಿದಳು. ಅವಳು ಹತ್ತುವುದನ್ನೇ ಕಾಯುತ್ತಿದ್ದಂತೆ ಫೋನ್ ಬಡಿದುಕೊಂಡಿತು.

"ಮಕ್ಕಳೆಲ್ಲ ಉಳಿದ್ರು," ಅಂದಳು ಅಸೆಕೋನ್. ದನಿ ಬಿದ್ದುಹೋಗಿತ್ತು. "ಅವನನ್ನ ನೆರಳಿಗೆ ಎಳೆಸಿದೀನಿ ಕಣೇ. ಮುಖ ತೊಳೆದು ನನ್ನ ಬಟ್ಟೆ ಹೊದಿಸಿದೀನಿ. ಹದ್ದು ಇಳಿಯದ ಹಾಗೆ ಕೂತಿದೀನಿ. ನೀನು ಬರೋವರೆಗೂ ಏಳಲ್ಲ."

ಚೆಪುರೈ ಇಳಿದು ಬರುವಷ್ಟರಲ್ಲಿ ಅಂಗಳದ ತುಂಬ ಹೆಂಗಸರು. ನಡುವೆ ಸಬೀನಾ ಮಣ್ಣಿನಲ್ಲಿ ಹೊರಳಾಡುತ್ತಿದ್ದಳು. ಅವಳ ನಡುವಿನಲ್ಲಿ ಪಟ್ಟಿಯಿರಲಿಲ್ಲ, ಕೈಯಲ್ಲಿತ್ತು.

"ನಾನೇ ಕೊಂದೆ! ಇವಳ ಗೋಳು ಕೇಳೋಕಾಗ್ದೆ ಬಿಚ್ಚಿಬಿಟ್ಟೆ. ಬಿಚ್ಚಿದ್ರೆ ತಿರುಗಿ ಬಂದಾನು ಅಂದ್ಕೊಂಡೆ. ನನ್ನ ಕೈ ಸೇದಿಹೋಗ, ನಾನೇ ಕೊಂದೆ ನನ್ನ ಮಗನ್ನ!"

ಹೆಂಗಸರು ಅವಳನ್ನು ಹಿಡಿದುಕೊಳ್ಳಲಿಲ್ಲ. ಒಬ್ಬೊಬ್ಬರೇ ಹಿಂದೆ ಸರಿಯುತ್ತಿದ್ದರು. ಪಟ್ಟಿ ಬಿಚ್ಚಿ ಮಗನನ್ನು ಕೊಂದ ಹೆಂಗಸಿಗೆ ನಮ್ಮಲ್ಲಿ ಒಂದು ಗುಟುಕು ನೀರು ಕೊಡುವವರೂ ಇರುವುದಿಲ್ಲ. ಚೆಪುರೈಗೆ ಅದು ಗೊತ್ತಿತ್ತು. ತಾನು ಬಾಯಿ ಮುಚ್ಚಿಕೊಂಡಿದ್ದರೆ ಸಾಕೆಂಬುದೂ ಗೊತ್ತಿತ್ತು. ಬಾಯಿ ಬಿಟ್ಟರೆ ಈ ಊರಿನಲ್ಲಿ ತನಗೆ ಇನ್ನು ಜಾಗವಿಲ್ಲ, ಹೊಳೆಯಾಚೆಗೆ ಸುದ್ದಿ ಮುಟ್ಟಿಸುವವರು ಇನ್ನು ಯಾರೂ ಇರುವುದಿಲ್ಲ, ಮುಂದಿನ ಸಲ ಆಚೆಯ ಮಕ್ಕಳು ಮಲಗಿದಲ್ಲೇ ಸಾಯುತ್ತಾರೆ.

ಅವಳು ಮಣ್ಣಿನಲ್ಲಿ ಕುಳಿತು ಸಬೀನಾಳ ಎರಡೂ ಕೈ ಹಿಡಿದುಕೊಂಡಳು.

"ಅಕ್ಕಾ, ನೀನು ಬಿಚ್ಚಿದ್ದಕ್ಕಲ್ಲ. ನಾನು ಆಚೆಗೆ ಫೋನ್ ಮಾಡಿ ಹೇಳ್ದೆ. ಬರ್ತಾರೆ ಅಂತ ನಾನೇ ಹೇಳ್ದೆ."

ಬಾಗಿಲ ಬಳಿ ನಿಂತಿದ್ದ ಹುಡುಗರು ತಲೆ ಎತ್ತಿದರು. ಸಬೀನಾ ಅವಳ ಮುಖವನ್ನೇ ನೋಡಿದಳು, ಕಿವುಡಿ ನೋಡುವ ಹಾಗೆ.

"ಅವನೂ ಇದಾನೆ ಅಂತ ಗೊತ್ತಿದ್ದೂನಾ?"

"ಗೊತ್ತಿತ್ತಕ್ಕಾ."

ಸಬೀನಾ ಕೈ ಬಿಡಿಸಿಕೊಂಡಳು.